ಬಾಯಿ ಬಿದ್ದವರ ಮಾತು

(ಶಾಲಾ ಶಿಕ್ಷಕರು, ಆಶಾ ಕಾರ್ಯಕರ್ತೆಯರು ಹಾಗೂ ಊರಿನ ಹಿರಿಯರು ಸೇರಿದ್ದ ಹಿರೇಕೆರೂರಿನ ಸಭೆಯೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ.)



ನಾನು ವೈದ್ಯನಲ್ಲ, ಮನಶ್ಶಾಸ್ತ್ರ ಓದಿದವನಲ್ಲ, ಭಾಷಾವಿಜ್ಞಾನಿಯಂತೂ ಅಲ್ಲವೇ ಅಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ವರದಿಗಾರಿಕೆಗೆ ಬಂದವನು. ಆದರೂ ಈ ಮೂರೂ ವಿದ್ಯೆಗಳು ಒಂದೆಡೆ ಕೂಡುವ ವಿಷಯವೊಂದರ ಬಗ್ಗೆ ಮಾತಾಡಲು ನಿಂತಿದ್ದೇನೆ. ಅದಕ್ಕೆ ಕಾರಣ ನಮ್ಮಜ್ಜ.

ಅಜ್ಜ ಇದೇ ತಾಲ್ಲೂಕಿನಲ್ಲಿ ಒಕ್ಕಲುತನ ಮಾಡಿಕೊಂಡಿದ್ದವರು. ಒಂದು ಬೆಳಿಗ್ಗೆ ದನದ ಕೊಟ್ಟಿಗೆಯಿಂದ ಹೊರಬಂದವರು ಕಟ್ಟೆಯ ಮೇಲೆ ಕುಸಿದು ಕೂತರು. ಬಲಗೈ ಏಳಲಿಲ್ಲ. ಲಕ್ವಾ ಹೊಡೆದಿದೆ ಎಂದು ಎಲ್ಲರಿಗೂ ತಿಳಿಯಿತು. ಕೆಲವು ವಾರಗಳಲ್ಲಿ ಕೈಕಾಲು ತುಸು ಸುಧಾರಿಸಿದವು. ಮಾತು ಸುಧಾರಿಸಲಿಲ್ಲ. ನೀರು ಬೇಕಾದಾಗ ‘ಎತ್ತು’ ಎನ್ನುತ್ತಿದ್ದರು. ನಮ್ಮವ್ವನ ಹೆಸರು ಹಿಡಿದು ಕರೆಯಲು ಹೋಗಿ, ಬಾರದೆ, ಕಣ್ಣೀರು ಹಾಕುತ್ತಿದ್ದರು. ‘ಅಜ್ಜಗ ಬಾಯಿ ಬಿದ್ದೈತಿ, ತಲಿನೂ ಕೆಟ್ಟೈತಿ’ ಎಂದರು ಓಣಿಯವರು. ನಾವೂ ಅದನ್ನೇ ನಂಬಿದೆವು. ಅವರ ಎದುರಿನಲ್ಲೇ ಹೊಲದ ಪಾಲಿನ ಮಾತಾಡಿದೆವು. ಕಾಗದ ಬರೆಯಿಸಿ ಹೆಬ್ಬೆಟ್ಟು ಒತ್ತಿಸಿಕೊಂಡೆವು. ಅವರನ್ನು ಒಂದು ಮಾತು ಕೇಳಲಿಲ್ಲ.

ಅದಾದ ಮೇಲೆ ಒಂದು ಸೋಮವಾರ ಭಜನೆಯವರು ಮನೆಗೆ ಬಂದರು. ಪದ ಎತ್ತಿಕೊಂಡಾಗ ಅಜ್ಜ ಒಂದಕ್ಷರ ತಪ್ಪದೆ ಜತೆಗೂಡಿ ಹಾಡಿಬಿಟ್ಟರು! ಆಮೇಲೆ ಚಹಾ ಬೇಕೆ ಎಂದು ಕೇಳಿದರೆ ಮತ್ತೆ ಅದೇ ತಡವರಿಕೆ. ಹಾಡಲು ಬರುವವನಿಗೆ ಮಾತಾಡಲು ಏಕೆ ಬರುವುದಿಲ್ಲ? ನನ್ನ ಓದು ಶುರುವಾದದ್ದು ಈ ಪ್ರಶ್ನೆಯಿಂದ.

ಈ ತೊಂದರೆಗೆ ಅಫೇಸಿಯಾ ಎಂದು ಹೆಸರು. ಮೆದುಳಿಗೆ ಪೆಟ್ಟಾಗಿ ಭಾಷೆಯ ಬಳಕೆ ಕೆಡುವುದೇ ಇದು. ನಾಲಿಗೆ, ಗಂಟಲು ಸರಿಯಾಗಿದ್ದರೂ ಬೇಕಾದ ಪದ ಬೇಕಾದಾಗ ಸಿಗುವುದಿಲ್ಲ. ಬುದ್ಧಿ ಕೆಡುವುದೇ ಬೇರೆ, ಪದ ಸಿಗದಿರುವುದೇ ಬೇರೆ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಅವರು ‘ಟಾನ್’ ಎಂಬ ಒಂದೇ ಸದ್ದನ್ನು ಹೇಳಬಲ್ಲ ರೋಗಿಯೊಬ್ಬನನ್ನು ಕಂಡರು. ಆತ ತೀರಿಕೊಂಡ ಮೇಲೆ ಮೆದುಳನ್ನು ಪರೀಕ್ಷಿಸಿದಾಗ ಎಡಭಾಗದ ಮುಂದಿನ ಜಾಗದಲ್ಲಿ ಗಾಯ ಕಂಡಿತು. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇನ್ನೊಂದು ಬಗೆಯನ್ನು ವಿವರಿಸಿದರು. ಅಂಥವರು ಸರಾಗವಾಗಿ ಮಾತಾಡುತ್ತಾರೆ, ಆದರೆ ಮಾತಿಗೆ ಅರ್ಥವಿರುವುದಿಲ್ಲ. ಇತರರ ಮಾತೂ ಅವರಿಗೆ ಸರಿಯಾಗಿ ತಿಳಿಯುವುದಿಲ್ಲ. ಹೆಚ್ಚಿನವರಲ್ಲಿ ಭಾಷೆಯ ಕೆಲಸ ಮೆದುಳಿನ ಎಡಭಾಗದ್ದು. ದೇಹದ ಬಲಭಾಗವನ್ನು ನಡೆಸುವುದೂ ಅದೇ. ಅಜ್ಜನ ಬಲಗೈಯೂ ಮಾತೂ ಒಟ್ಟಿಗೆ ಹೋದದ್ದರ ಗುಟ್ಟು ಇಷ್ಟೇ. ಬಾಯಿಪಾಠವಾದ ಹಾಡು, ದಿನದ ಹೆಸರು, ಒಂದು ಎರಡು ಎಂಬ ಎಣಿಕೆ ಇವು ಮಾತ್ರ ಅನೇಕರಲ್ಲಿ ಉಳಿದುಕೊಳ್ಳುತ್ತವೆ. ಹೊಸದಾಗಿ ವಾಕ್ಯ ಕಟ್ಟುವ ಕೆಲಸ ಅವುಗಳಿಗೆ ಬೇಕಿಲ್ಲವಲ್ಲ.

ಗಾಯ ಎಲ್ಲಿದೆ ಎಂದು ವೈದ್ಯರು ಹೇಳಬಲ್ಲರು. ನೆನಪು, ಗಮನ, ತಿಳಿವಳಿಕೆ ಎಷ್ಟು ಉಳಿದಿದೆ ಎಂದು ಅಳೆಯುವುದು ಮನಶ್ಶಾಸ್ತ್ರಜ್ಞರ ಕೆಲಸ. ಭಾಷೆಯಲ್ಲಿ ಮುರಿದದ್ದು ಯಾವ ಕೀಲು ಎಂದು ತಿಳಿಯಲು ಭಾಷಾವಿಜ್ಞಾನವೇ ಬೇಕು. 1941ರಲ್ಲಿ ರೋಮನ್ ಯಾಕಬ್ಸನ್ ಎಂಬ ಭಾಷಾವಿಜ್ಞಾನಿ ಮಗು ಮಾತು ಕಲಿಯುವ ಬಗೆಯನ್ನೂ ರೋಗಿ ಮಾತು ಕಳೆದುಕೊಳ್ಳುವ ಬಗೆಯನ್ನೂ ಹೋಲಿಸಿ ಪುಸ್ತಕ ಬರೆದ ಮೇಲೆ ಈ ಮೂವರ ಒಡನಾಟ ಗಟ್ಟಿಯಾಯಿತು.

ನಮ್ಮ ನಾಡಿನಲ್ಲಿ ಈ ಕೆಲಸಕ್ಕೆ ನೆಲೆಯಾದದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ. 1960ರ ದಶಕದಲ್ಲಿ ಅದು ಶುರುವಾದಾಗ ಪುಸ್ತಕಗಳೂ ಪರೀಕ್ಷೆಗಳೂ ಹೆಚ್ಚಾಗಿ ಇಂಗ್ಲಿಷಿನವು. ಅವನ್ನು ಅನುವಾದಿಸಿದರೆ ಸಾಕಾಗುವುದಿಲ್ಲ. ‘ಹೋದನು, ಹೋದಳು, ಹೋಯಿತು’ ಎಂಬ ನಮ್ಮ ಕ್ರಿಯಾಪದಗಳನ್ನು ನೋಡಿ. ಹೋದದ್ದು ಗಂಡೋ ಹೆಣ್ಣೋ ದನವೋ ಎಂದು ಪದದ ಬಾಲವೇ ಹೇಳುತ್ತದೆ. ಇಂಗ್ಲಿಷಿನಲ್ಲಿ ಮೂವರಿಗೂ ಒಂದೇ ರೂಪ. ‘ಮನೆಗೆ, ಮನೆಯಲ್ಲಿ, ಮನೆಯಿಂದ’ ಎಂಬ ವಿಭಕ್ತಿಗಳೂ ಹಾಗೆಯೇ. ಕನ್ನಡದ ರೋಗಿ ಎಡವುವ ಜಾಗಗಳೇ ಇಂಗ್ಲಿಷ್ ಪರೀಕ್ಷೆಯಲ್ಲಿ ಇಲ್ಲದಿದ್ದರೆ ಅವನ ತೊಂದರೆ ಗೊತ್ತಾಗುವುದು ಹೇಗೆ? ಈ ಅಗತ್ಯದಿಂದಲೇ ಕನ್ನಡದ್ದೇ ಆದ ಭಾಷಾ ಪರೀಕ್ಷೆಗಳು ಅಲ್ಲಿ ರೂಪುಗೊಂಡವು.

ಅಲ್ಲಿ ದುಡಿದ ಪ್ರತಿಭಾ ಕಾರಂತ ಅವರು 1981ರಲ್ಲಿ ‘ಕಾರ್ಟೆಕ್ಸ್’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಬಲ್ಲ ರೋಗಿಯೊಬ್ಬರ ಬಗ್ಗೆ ಬರೆದರು. ಆ ರೋಗಿಗಿದ್ದ ತೊಂದರೆಗೆ ಶುದ್ಧ ಅಲೆಕ್ಸಿಯಾ ಎನ್ನುತ್ತಾರೆ. ಇದರಲ್ಲಿ ಬರೆಯುವುದು ಉಳಿದು ಓದುವುದು ಮಾತ್ರ ಹೋಗುತ್ತದೆ. ತಾನೇ ಬರೆದದ್ದನ್ನೂ ಓದಲಾಗುವುದಿಲ್ಲ. ನಮ್ಮ ಕಾಗುಣಿತದಲ್ಲಿ ‘ಕ’ ಎಂಬುದಕ್ಕೆ ತಲೆಯ ಮೇಲೊಂದು, ಪಕ್ಕಕ್ಕೊಂದು, ಕೆಳಗೊಂದು ಗುರುತು ಸೇರಿ ಬೇರೆ ಬೇರೆ ಅಕ್ಷರಗಳಾಗುತ್ತವೆ. ಇಂಗ್ಲಿಷಿನ 26 ಅಕ್ಷರಗಳು ಸಾಲಾಗಿ ನಿಲ್ಲುತ್ತವೆ. ಎರಡು ಲಿಪಿಗಳೂ ಒಂದೇ ತಲೆಯಲ್ಲಿದ್ದಾಗ ಏನಾಗುತ್ತದೆ ಎಂಬ ಪ್ರಶ್ನೆಗೆ ನಮ್ಮಂಥ ನಾಡಿನಲ್ಲಿಯೇ ಉತ್ತರ ಹುಡುಕಬೇಕು.

ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರ ಬಗ್ಗೆ ಇನ್ನೊಂದು ಸಂಶೋಧನೆ ನಡೆದದ್ದು ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ. ನರರೋಗತಜ್ಞೆ ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು ಅರಳುಮರಳು, ಅಂದರೆ ಡಿಮೆನ್ಶಿಯಾ ಇದ್ದ 648 ಜನರನ್ನು ಪರಿಶೀಲಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸವಿತ್ತು. 2016ರಲ್ಲಿ ಲಕ್ವಾ ಹೊಡೆದ 608 ಜನರ ಅಧ್ಯಯನ ಬಂತು. ಲಕ್ವಾದ ನಂತರವೂ ಬುದ್ಧಿಶಕ್ತಿ ಮೊದಲಿನಂತೆ ಉಳಿದವರು ಬಹುಭಾಷಿಕರಲ್ಲಿ ನೂರಕ್ಕೆ 40ರಷ್ಟು; ಒಂದೇ ಭಾಷೆಯವರಲ್ಲಿ ಸುಮಾರು 20. ಆದರೆ ಅಫೇಸಿಯಾ ಬರುವುದರಲ್ಲಿ ಎರಡೂ ಗುಂಪಿಗೆ ವ್ಯತ್ಯಾಸವಿರಲಿಲ್ಲ. ಬೇರೆ ದೇಶಗಳ ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ, ಚರ್ಚೆ ನಡೆದೇ ಇದೆ. ಡಾ. ಅಲ್ಲಾಡಿ ಅವರು ನಂತರ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದು ಈ ಕೆಲಸ ಮುಂದುವರಿಸಿದರು.

ಇದೆಲ್ಲ ದೊಡ್ಡ ಊರಿನ ಮಾತು, ಹಿರೇಕೆರೂರಿಗೇನು ಸಂಬಂಧ ಎನ್ನಬೇಡಿ. ಸರ್ವಜ್ಞನ ಹುಟ್ಟೂರು ಎಂದು ಜನ ನಂಬಿರುವ ಅಬಲೂರು, ಮಾಸೂರುಗಳ ನಾಡಿದು. ಮಾತಿಗೆ ಬೆಲೆ ಕೊಟ್ಟ ಸೀಮೆ. ನಮ್ಮ ಸಂತೆಗೆ ಹೋಗಿ ನೋಡಿ. ಮನೆಯಲ್ಲಿ ಉರ್ದು ಆಡುವವರು ಇಲ್ಲಿ ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ. ತಾಂಡಾದಲ್ಲಿ ಲಂಬಾಣಿ ಆಡುವ ಮಗು ಶಾಲೆಯಲ್ಲಿ ಕನ್ನಡ ಕಲಿಯುತ್ತದೆ. ಇಂಥ ಮನೆಯ ಹಿರಿಯರೊಬ್ಬರಿಗೆ ಲಕ್ವಾ ಹೊಡೆದರೆ ಎರಡು ಭಾಷೆಗಳೂ ಒಂದೇ ಸಮನಾಗಿ ಮರಳುತ್ತವೆ ಎಂದೇನಿಲ್ಲ. ಒಂದು ಮೊದಲು ಬರಬಹುದು, ಇನ್ನೊಂದು ಹಿಂದುಳಿಯಬಹುದು. ಆದ್ದರಿಂದ ಆಸ್ಪತ್ರೆಗೆ ಹೋದಾಗ ‘ಇವರು ಮನೆಯಲ್ಲಿ ಆಡುವ ಭಾಷೆ ಇದು’ ಎಂದು ತಪ್ಪದೆ ಹೇಳಿ. ಆ ಭಾಷೆ ವೈದ್ಯರಿಗೆ ಬಾರದಿದ್ದರೆ ಮನೆಯವರು ಪಕ್ಕದಲ್ಲಿ ನಿಲ್ಲಿ.

ಎಲ್ಲಕ್ಕಿಂತ ಮೊದಲು ಹೊತ್ತು ಕಳೆಯಬೇಡಿ. ಮುಖ ಒಂದು ಕಡೆ ವಾಲುವುದು, ಒಂದು ಕೈ ಸೋಲುವುದು, ಮಾತು ತೊದಲುವುದು, ಇವುಗಳಲ್ಲಿ ಒಂದು ಕಂಡರೂ ತಕ್ಷಣ 108ಕ್ಕೆ ಕರೆ ಮಾಡಿ. ರಕ್ತ ಹೆಪ್ಪುಗಟ್ಟಿ ಬಂದ ಲಕ್ವಾಕ್ಕೆ ಹೆಪ್ಪು ಕರಗಿಸುವ ಔಷಧವಿದೆ. ಸ್ಕ್ಯಾನ್ ಮಾಡಿ ನೋಡಿದ ಮೇಲೆ, ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಅದನ್ನು ಕೊಡಬೇಕು. ಆಮೇಲೆ ಮಾತಿನ ಚಿಕಿತ್ಸೆ. ಮನೆಯಲ್ಲಿ ಟಿ.ವಿ. ಆರಿಸಿ, ಎದುರು ಕೂತು, ಸಣ್ಣ ವಾಕ್ಯಗಳಲ್ಲಿ ಮಾತಾಡಿ. ಹೌದು, ಅಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆ ಕೇಳಿ. ಚಿತ್ರ, ಕೈಸನ್ನೆ ಬಳಸಿ. ಅವರು ಪದ ಹುಡುಕುವಾಗ ಬಾಯಿ ಹಾಕದೆ ತುಸು ಕಾಯಿರಿ.

ನಮಗೆ ಇದನ್ನು ಕಲಿಸಿದ್ದು ದೂರದ ಊರಿನ ಆಸ್ಪತ್ರೆಯ ವಾಕ್ ಚಿಕಿತ್ಸಕಿಯೊಬ್ಬರು. ಮನೆಗೆ ಬಂದು ಹಾಳೆಯ ಮೇಲೆ ಹೊಲದ ನಕ್ಷೆ ಬರೆದು ಅಜ್ಜನ ಮುಂದಿಟ್ಟೆವು. ಒಂದೊಂದೇ ತುಂಡು ತೋರಿಸಿ ಯಾರಿಗೆ ಎಂದು ಕೇಳಿದೆವು. ಕೆರೆಯ ಬದಿಯ ತುಂಡಿನ ಮೇಲೆ ಬೆರಳಿಟ್ಟು, ಬಾಗಿಲಲ್ಲಿ ನಿಂತಿದ್ದ ವಿಧವೆ ಅತ್ತೆಯ ಕಡೆ ಕೈ ತೋರಿಸಿದರು. ನಾವು ಬರೆಸಿದ್ದ ಕಾಗದದಲ್ಲಿ ಅತ್ತೆಯ ಹೆಸರೇ ಇರಲಿಲ್ಲ.

ಆ ಕಾಗದವನ್ನು ರದ್ದು ಮಾಡಿಸಿ ಬೇರೆ ಬರೆಸಿದೆವು. ಅಜ್ಜ ಆಮೇಲೆ ಎರಡು ವರ್ಷ ಬದುಕಿದ್ದರು. ನೀರಿಗೆ ನೀರು ಎನ್ನುವಷ್ಟು ಮಾತು ಮರಳಿತ್ತು. ನಿಮ್ಮ ಓಣಿಯಲ್ಲಿ ಬಾಯಿ ಬಿದ್ದವರು ಯಾರಾದರೂ ಇದ್ದರೆ ಇಂದು ಸಂಜೆ ಹೋಗಿ ಅವರ ಎದುರು ಕೂತುಕೊಳ್ಳಿ. ಅವರ ಬಗ್ಗೆ ಮಾತಾಡಬೇಡಿ, ಅವರ ಜತೆ ಮಾತಾಡಿ.