ಶಿಖರದ ಗಾಳಿ ಮತ್ತು ಸತ್ಯದ ಅಳತೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹರೂಪ)



ಬಹುಮಾನ ಪಡೆಯಲು ಕಾತರದಿಂದ ಕುಳಿತಿರುವ ನಿಮ್ಮ ಮುಂದೆ ಉದ್ದದ ಭಾಷಣ ಮಾಡುವುದು ಕಷ್ಟದ ಕೆಲಸ. ಆದುದರಿಂದ ನಾನು ಇಂದು ಉಪದೇಶ ಮಾಡುವುದಿಲ್ಲ. ಒಂದು ಬೆಟ್ಟದ ಕಥೆ ಹೇಳುತ್ತೇನೆ. ಕೊನೆಯಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ.

ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಯಾವುದು ಎಂದು ಕೇಳಿದರೆ ನೀವೆಲ್ಲ ಒಟ್ಟಿಗೆ ಮುಳ್ಳಯ್ಯನಗಿರಿ ಎನ್ನುತ್ತೀರಿ. ಅದರ ಎತ್ತರ ಸುಮಾರು 1930 ಮೀಟರ್. ನಿಮ್ಮಲ್ಲಿ ಹಲವರು ಅಲ್ಲಿಗೆ ಹೋಗಿಯೂ ಇದ್ದೀರಿ. ಅಲ್ಲಿಯ ಗಾಳಿಗೆ ಟೋಪಿ ಹಾರಿ ಹೋದದ್ದು, ದುಪಟ್ಟಾ ಹಿಡಿದುಕೊಂಡು ಮೆಟ್ಟಿಲು ಹತ್ತಿದ್ದು ನೆನಪಿರಬಹುದು. ಇನ್ನು ಅಮೆರಿಕದ ಈಶಾನ್ಯ ಭಾಗದಲ್ಲಿ, ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಮೌಂಟ್ ವಾಷಿಂಗ್ಟನ್ ಎಂಬ ಬೆಟ್ಟವಿದೆ. ಅದರ ಎತ್ತರ 1917 ಮೀಟರ್. ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ತುಸು ಗಿಡ್ಡ! ಹಿಮಾಲಯದ ಎದುರು ಅದು ಒಂದು ಗುಡ್ಡವೇ ಸರಿ. ಬೇಸಿಗೆಯಲ್ಲಿ ಜನರು ಕಾರಿನಲ್ಲಿ ತುದಿಯವರೆಗೂ ಹೋಗುತ್ತಾರೆ. 1869ರಿಂದ ಹಲ್ಲುಚಕ್ರದ ರೈಲು ಕೂಡ ಅಲ್ಲಿಗೆ ಹತ್ತುತ್ತಿದೆ. ಆದರೆ ಚಳಿಗಾಲದಲ್ಲಿ ಇದೇ ಬೆಟ್ಟ ಭೂಮಿಯ ಮೇಲಿನ ಅತ್ಯಂತ ಕಠೋರ ಸ್ಥಳಗಳಲ್ಲಿ ಒಂದಾಗುತ್ತದೆ.

ಏಕೆ ಹೀಗೆ? ಒಂದು ಕಾರಣ ಅಕ್ಷಾಂಶ. ಮುಳ್ಳಯ್ಯನಗಿರಿ 13 ಡಿಗ್ರಿ ಉತ್ತರದಲ್ಲಿದ್ದರೆ ಇದು 44 ಡಿಗ್ರಿಯಲ್ಲಿದೆ. ಎರಡನೆಯದಾಗಿ, ಖಂಡದ ಪಶ್ಚಿಮದಿಂದ, ದಕ್ಷಿಣದ ಕೊಲ್ಲಿಯಿಂದ ಹಾಗೂ ಅಟ್ಲಾಂಟಿಕ್ ಕರಾವಳಿಯಿಂದ ಬರುವ ಬಿರುಗಾಳಿಗಳ ದಾರಿಗಳು ಈ ಪ್ರದೇಶದಲ್ಲಿ ಒಂದಕ್ಕೊಂದು ಸೇರುತ್ತವೆ. ಮೂರನೆಯದು ಬೆಟ್ಟದ ಆಕಾರ. ಈ ಶ್ರೇಣಿ ಉತ್ತರ ದಕ್ಷಿಣವಾಗಿ ಚಾಚಿಕೊಂಡಿರುವುದರಿಂದ ಪಡುವಣ ಗಾಳಿಗೆ ಅಡ್ಡಗೋಡೆಯಂತೆ ನಿಲ್ಲುತ್ತದೆ. ಗಾಳಿ ಅದನ್ನು ದಾಟಲು ಮೇಲೇರಬೇಕು. ಮೇಲೆ ವಾಯುಮಂಡಲದ ಸ್ಥಿರವಾದ ಪದರ ಮುಚ್ಚಳದಂತೆ ಒತ್ತುತ್ತದೆ. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿದರೆ ನೀರು ರಭಸದಿಂದ ಚಿಮ್ಮುತ್ತದಲ್ಲವೇ? ಇಲ್ಲಿಯೂ ಇಕ್ಕಟ್ಟಿನಲ್ಲಿ ನುಗ್ಗುವ ಗಾಳಿಯ ವೇಗ ಹೆಚ್ಚುತ್ತದೆ. ವರ್ಷದಲ್ಲಿ ಸುಮಾರು 110 ದಿನ ಅಲ್ಲಿ ಗಂಟೆಗೆ 120 ಕಿಲೋಮೀಟರ್ ದಾಟಿದ ಗಾಳಿ ಬೀಸುತ್ತದೆ. ನಮ್ಮ ಕರಾವಳಿಗೆ ಎಂದೋ ಒಮ್ಮೆ ಬರುವ ತೀವ್ರ ಚಂಡಮಾರುತದ ವೇಗ ಅಲ್ಲಿ ಮಾಮೂಲಿ ಎಂದಾಯಿತು.

ಈ ಶಿಖರದ ಮೇಲೆ 1932ರಲ್ಲಿ ಕೆಲವು ಉತ್ಸಾಹಿ ತರುಣರು ಹವಾಮಾನ ವೀಕ್ಷಣಾಲಯವೊಂದನ್ನು ಆರಂಭಿಸಿದರು. ಅವರು ವಾಸವಿದ್ದ ಮರದ ಕಟ್ಟಡ ಹಾರಿ ಹೋಗದಂತೆ ಅದರ ಮಾಡಿನ ಮೇಲಿಂದ ಕಬ್ಬಿಣದ ಸರಪಳಿಗಳನ್ನು ಹಾಯಿಸಿ ಬಂಡೆಗೆ ಬಿಗಿಯಲಾಗಿತ್ತು. ಎತ್ತಿನಗಾಡಿಯ ಮೇಲಿನ ಹುಲ್ಲಿನ ಹೊರೆಯನ್ನು ಹಗ್ಗದಿಂದ ಕಟ್ಟುವ ಹಾಗೆ!

1934ರ ಏಪ್ರಿಲ್ 11ರಂದು ಅಲ್ಲಿ ಸ್ವಚ್ಛವಾದ ಬಿಸಿಲಿತ್ತು. ದೂರದ ಅಟ್ಲಾಂಟಿಕ್ ಸಾಗರವೂ ಕಾಣುತ್ತಿತ್ತು. ಸಂಜೆಯ ಹೊತ್ತಿಗೆ ಮೋಡ ಕವಿಯಿತು, ಗಾಳಿ ಏರಿತು. ಆಗ ಅಲ್ಲಿ ಕೆಲಸದಲ್ಲಿದ್ದವರು ಸಾಲ್ವತೋರೆ ಪಾಗ್ಲಿಯುಕಾ, ಅಲೆಕ್ಸ್ ಮೆಕೆಂಜಿ ಮತ್ತು ವೆಂಡೆಲ್ ಸ್ಟೀಫನ್ಸನ್. ಏಪ್ರಿಲ್ 12ರ ನಸುಕಿನ 4 ಗಂಟೆಗೆ ಎದ್ದ ಸ್ಟೀಫನ್ಸನ್ ಗಾಳಿಮಾಪಕವನ್ನು ನೋಡಿದರು. ಅದು ಗಂಟೆಗೆ 105 ಮೈಲಿ, ಅಂದರೆ ಸುಮಾರು 169 ಕಿಲೋಮೀಟರ್ ತೋರಿಸುತ್ತಿತ್ತು. ಅದನ್ನೇ ಬರೆದುಕೊಂಡು ಹಾಸಿಗೆಗೆ ಮರಳಬಹುದಿತ್ತು. ಆದರೆ ಗಾಳಿಯ ಆರ್ಭಟವನ್ನು ಕೇಳಿದ ಅವರಿಗೆ ಅನುಮಾನ ಬಂತು. ಇಷ್ಟು ಸದ್ದಿಗೆ ಈ ಅಂಕಿ ಕಡಿಮೆಯಾಯಿತು, ಮಾಪಕಕ್ಕೆ ಹಿಮ ಹತ್ತಿರಬೇಕು ಎಂದುಕೊಂಡರು.

ಅಲ್ಲಿಯ ಹಿಮದ ಬಗ್ಗೆ ಒಂದು ಮಾತು ಹೇಳಬೇಕು. ಶೂನ್ಯಕ್ಕಿಂತ ಕೆಳಗಿದ್ದರೂ ಹೆಪ್ಪುಗಟ್ಟದೆ ದ್ರವವಾಗಿಯೇ ಉಳಿದ ಸೂಕ್ಷ್ಮ ಹನಿಗಳು ಮಂಜಿನಲ್ಲಿ ತೇಲುತ್ತಿರುತ್ತವೆ. ಕಂಬವೋ ಕಲ್ಲೋ ತಗುಲಿದ ಕ್ಷಣದಲ್ಲಿ ಅವು ಗಡ್ಡೆಯಾಗುತ್ತವೆ. ಈ ಗಡ್ಡೆ ಗಾಳಿ ಹೋಗುವ ಕಡೆಗಲ್ಲ, ಗಾಳಿ ಬರುವ ಕಡೆಗೆ ಹಕ್ಕಿಯ ಗರಿಯಂತೆ ಬೆಳೆಯುತ್ತದೆ. ಅಲ್ಲಿಯ ಮಾಪಕವನ್ನು ವಿದ್ಯುತ್ತಿನಿಂದ ಬಿಸಿಯಾಗಿರುವಂತೆ ವಿಶೇಷವಾಗಿ ರಚಿಸಿದ್ದರೂ ಸುತ್ತಲಿನ ಗಡ್ಡೆ ಅದಕ್ಕೆ ಅಡ್ಡಿಯಾಗುತ್ತಿತ್ತು.

ಸ್ಟೀಫನ್ಸನ್ ಬಟ್ಟೆ ತೊಟ್ಟು, ಮರದ ದೊಣ್ಣೆ ಹಿಡಿದು ಹೊರಗೆ ಹೊರಟರು. ಬಾಗಿಲು ದಾಟಿದೊಡನೆ ಗಾಳಿ ಅವರನ್ನು ಕೆಳಗೆ ಕೆಡವಿತು. ಎದ್ದು, ಏಣಿ ಹಿಡಿದು ಮೇಲೇರಿ, ಆ ಕತ್ತಲಲ್ಲಿ ಗಡ್ಡೆಯನ್ನು ಬಡಿದು ಕೆಡವಿದರು. ಒಳಗೆ ಬಂದು ನೋಡಿದಾಗ ಮಾಪಕ ಮೊದಲಿಗಿಂತ ಬಹಳ ಹೆಚ್ಚಿನ ವೇಗವನ್ನು ತೋರಿಸುತ್ತಿತ್ತು. ಅವರ ಅನುಮಾನ ನಿಜವಾಗಿತ್ತು.

ಬೆಳಗಾದಂತೆ ಆಗ್ನೇಯದಿಂದ ಬೀಸುತ್ತಿದ್ದ ಗಾಳಿ ಇನ್ನೂ ಏರಿತು. ಮಧ್ಯಾಹ್ನ 1 ಗಂಟೆ 21 ನಿಮಿಷಕ್ಕೆ, ಮಾಪಕದ ಟಿಕ್ ಟಿಕ್ ಸಂಕೇತಗಳನ್ನು ಸ್ಟಾಪ್‌ವಾಚ್ ಹಿಡಿದು ಎಣಿಸಿದಾಗ ಬಂದ ಉತ್ತರ ಗಂಟೆಗೆ 231 ಮೈಲಿ. ನಮ್ಮ ಲೆಕ್ಕದಲ್ಲಿ 372 ಕಿಲೋಮೀಟರ್, ಸೆಕೆಂಡಿಗೆ 103 ಮೀಟರ್. ನಿಮ್ಮ ಕ್ರೀಡಾಕೂಟದ ನೂರು ಮೀಟರ್ ಓಟವನ್ನು ಆ ಗಾಳಿ ಒಂದು ಸೆಕೆಂಡಿನೊಳಗೆ ಮುಗಿಸುತ್ತಿತ್ತು! ವೇಗ ಎರಡು ಪಟ್ಟಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ನೆನಪಿಡಬೇಕು. ಗಂಟೆಗೆ 100 ಕಿಲೋಮೀಟರ್ ಗಾಳಿಗಿಂತ ಈ ಗಾಳಿಯ ಒತ್ತಡ ಸುಮಾರು ಹದಿನಾಲ್ಕು ಪಟ್ಟು.

ಮಿತ್ರರೇ, ಇಲ್ಲಿಗೆ ಕಥೆಯ ಮುಖ್ಯ ಭಾಗ ಬಂತು. ಜಗತ್ತಿನಲ್ಲಿ ಅಲ್ಲಿಯವರೆಗೆ ಯಾರೂ ಅಳೆಯದ ವೇಗವನ್ನು ಅಳೆದಾಗ ಆ ತರುಣರು ಏನು ಮಾಡಿದರು? ಪಾಗ್ಲಿಯುಕಾ ದಿನಚರಿ ಪುಸ್ತಕದಲ್ಲಿ ಬರೆದಿಟ್ಟದ್ದು ಹೆಮ್ಮೆಯ ಮಾತನ್ನಲ್ಲ, ಪ್ರಶ್ನೆಗಳನ್ನು. ಜನ ಇದನ್ನು ನಂಬುತ್ತಾರೆಯೇ, ನಾನು ಸಮಯ ಎಣಿಸಿದ್ದು ಸರಿಯೇ, ವಿಧಾನ ಸರಿಯೇ, ಗಡಿಯಾರ ಸರಿಯೇ ಎಂದು ತಮ್ಮನ್ನೇ ತಾವು ಕೇಳಿಕೊಂಡರು. ಆ ಅಂಕಿಯ ಪೂರ್ತಿ ಹೊಣೆ ತಮ್ಮ ಮೇಲಿದೆ ಎಂಬ ಅರಿವು ಅವರಿಗಿತ್ತು. ನಂತರ ಆ ಮಾಪಕವನ್ನು ಕೆಳಗಿಳಿಸಿ ಸರಕಾರದ ತಜ್ಞರು ಪರೀಕ್ಷೆಗೊಳಪಡಿಸಿದರು. ಅಳತೆ ಸರಿ ಎಂದು ಸಾಬೀತಾಯಿತು. ಆ ದಾಖಲೆ 62 ವರ್ಷ ಉಳಿಯಿತು. 1996ರ ಏಪ್ರಿಲ್ 10ರಂದು ಆಸ್ಟ್ರೇಲಿಯಾದ ಬ್ಯಾರೋ ದ್ವೀಪದಲ್ಲಿ, ಒಲಿವಿಯಾ ಚಂಡಮಾರುತದ ವೇಳೆ, ಸ್ವಯಂಚಾಲಿತ ಯಂತ್ರವೊಂದು ಗಂಟೆಗೆ 408 ಕಿಲೋಮೀಟರ್ ದಾಖಲಿಸಿತು. ಅದನ್ನೂ ಯಾರೂ ಕಣ್ಣುಮುಚ್ಚಿ ಒಪ್ಪಲಿಲ್ಲ. ತಜ್ಞರ ಸಮಿತಿ ಪರಿಶೀಲಿಸಿದ ಮೇಲೆ 2010ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಅದನ್ನು ದಾಖಲೆ ಎಂದು ಪ್ರಕಟಿಸಿತು.

ಇನ್ನು ಚಳಿಯ ವಿಷಯ. 2023ರ ಫೆಬ್ರವರಿ 3 ಮತ್ತು 4ರ ನಡುವಿನ ರಾತ್ರಿ ಮೌಂಟ್ ವಾಷಿಂಗ್ಟನ್ ತುದಿಯಲ್ಲಿ ಉಷ್ಣಾಂಶ ಮೈನಸ್ 44 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಿತು. ಗಾಳಿಯೂ ಸೇರಿ ಚರ್ಮಕ್ಕೆ ತಾಗುವ ಚಳಿ ಮೈನಸ್ 78 ಡಿಗ್ರಿ ಎಂದು ಲೆಕ್ಕ ಹಾಕಿದರು. ಅಮೆರಿಕದಲ್ಲಿ ಅದೊಂದು ದಾಖಲೆ.

'ಗಾಳಿಚಳಿ' ಎಂಬ ಈ ಲೆಕ್ಕ ಏನು? ನಮ್ಮ ಮೈಯ ಸುತ್ತ ಬೆಚ್ಚನೆಯ ಗಾಳಿಯ ತೆಳು ಪದರವಿರುತ್ತದೆ. ಬೀಸುವ ಗಾಳಿ ಅದನ್ನು ಒರಸಿಕೊಂಡು ಹೋಗುತ್ತದೆ. ಚಹಾ ಆರಿಸಲು ನಾವು ಬಸಿಗೆ ಹಾಕಿ ಊದುವುದು ಇದೇ ತತ್ತ್ವದಿಂದ. ಉಷ್ಣಾಂಶ ಮೈನಸ್ 10 ಇದ್ದು, ಗಂಟೆಗೆ 50 ಕಿಲೋಮೀಟರ್ ಗಾಳಿ ಇದ್ದರೆ ಚರ್ಮಕ್ಕೆ ಮೈನಸ್ 22ರಂತೆ ಅನಿಸುತ್ತದೆ. ಇದನ್ನು ಮೊದಲು ಲೆಕ್ಕಕ್ಕೆ ಇಳಿಸಿದವರು ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪಾಸೆಲ್. ಅಂಟಾರ್ಕ್ಟಿಕಾದಲ್ಲಿ ನೀರು ತುಂಬಿದ ಪಾತ್ರೆಯನ್ನು ಗಾಳಿಗೆ ತೂಗುಹಾಕಿ, ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ಅವರು ನೋಡಿದರು. 1945ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಎಷ್ಟು ಸರಳ ಪ್ರಯೋಗ ನೋಡಿ! ವಿಜ್ಞಾನಕ್ಕೆ ಯಾವಾಗಲೂ ಕೋಟಿ ರೂಪಾಯಿಯ ಯಂತ್ರವೇ ಬೇಕೆಂದಿಲ್ಲ.

ಇದೆಲ್ಲ ದೂರದ ದೇಶದ ಮಾತು, ನಮಗೇಕೆ ಎನ್ನಬೇಡಿ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಸೇನಾ ಠಾಣೆಯ ಮೇಲೆ ಹಿಮಕುಸಿತವಾದಾಗ ಅದರಡಿ ಸಿಲುಕಿದವರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಒಬ್ಬರು. ಆರು ದಿನಗಳ ನಂತರ ಅವರನ್ನು ಜೀವಂತವಾಗಿ ಹೊರತೆಗೆದಾಗ ನಾಡಿಗೆ ನಾಡೇ ಪ್ರಾರ್ಥಿಸಿತು. ಫೆಬ್ರವರಿ 11ರಂದು ಅವರು ದೆಹಲಿಯಲ್ಲಿ ಕೊನೆಯುಸಿರೆಳೆದರು. ಶಿಖರದ ಚಳಿ ನಮ್ಮ ಮನೆಗಳಿಗೂ ದುಃಖ ತಂದಿದೆ.

ಚಳಿ ಕೊಲ್ಲುವುದು ಹೇಗೆ ಎಂಬುದನ್ನು ಚಾರಣಕ್ಕೆ ಹೋಗುವ ನೀವು ತಿಳಿದಿರಬೇಕು. ನಮ್ಮ ದೇಹದ ಸಹಜ ಉಷ್ಣಾಂಶ 37 ಡಿಗ್ರಿ. ಒಳಗಿನ ಉಷ್ಣ 35ಕ್ಕಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ. ಮೊದಲು ನಡುಕ ಬರುತ್ತದೆ. ನಂತರ ಕೈ ಹಿಡಿತ ತಪ್ಪುತ್ತದೆ, ಕಾಲು ಎಡವುತ್ತದೆ, ಮಾತು ತೊದಲುತ್ತದೆ. ಆಮೇಲೆ ಬುದ್ಧಿಯೇ ಮಂಕಾಗುತ್ತದೆ. ಅಪಾಯದಲ್ಲಿರುವವನಿಗೆ ತಾನು ಅಪಾಯದಲ್ಲಿದ್ದೇನೆ ಎಂದು ತಿಳಿಯದಿರುವುದೇ ದೊಡ್ಡ ಅಪಾಯ. ಇದಕ್ಕೆ ಹಿಮವೇ ಬೀಳಬೇಕೆಂದಿಲ್ಲ. ಮಳೆಗಾಲದಲ್ಲಿ ನಮ್ಮ ಘಟ್ಟದ ಬೆಟ್ಟಗಳಲ್ಲಿಯೂ ಮೈ ತೊಯ್ದು ಗಾಳಿಗೆ ಸಿಕ್ಕಿ, ಗಂಟೆಗಟ್ಟಲೆ ನಿಂತರೆ ದೇಹದ ಬಿಸಿ ಇಳಿಯತೊಡಗುತ್ತದೆ. ಒದ್ದೆ ಹತ್ತಿ ಬಟ್ಟೆ ಬಿಸಿಯನ್ನು ಹಿಡಿದಿಡುವುದಿಲ್ಲ. ಹಾಗೆ ನಡುಗುವ ಗೆಳೆಯನನ್ನು ಕಂಡರೆ ಗಾಳಿಯ ಮರೆಗೆ ಕರೆದೊಯ್ಯಿರಿ. ಒದ್ದೆ ಬಟ್ಟೆ ತೆಗೆದು ಒಣಬಟ್ಟೆ, ಕಂಬಳಿ ಹೊದಿಸಿರಿ. ಎಚ್ಚರವಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಡಿ. ಮದ್ಯ ಕುಡಿದರೆ ಮೈ ಬೆಚ್ಚಗಾಗುತ್ತದೆ ಎಂಬುದು ಶುದ್ಧ ಸುಳ್ಳು. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುತ್ತದೆ.

ಮೌಂಟ್ ವಾಷಿಂಗ್ಟನ್‌ನಲ್ಲಿ 150ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡಿದ್ದಾರೆ. 1855ರ ಸೆಪ್ಟೆಂಬರ್‌ನಲ್ಲಿ, ಅಂದರೆ ಚಳಿಗಾಲಕ್ಕೆ ಮೊದಲೇ, ಲಿಝಿ ಬೋರ್ನ್ ಎಂಬ 23 ವರ್ಷದ ಯುವತಿ ಸಂಬಂಧಿಕರೊಂದಿಗೆ ಮಧ್ಯಾಹ್ನದ ಮೇಲೆ ಬೆಟ್ಟ ಹತ್ತಲು ಹೊರಟಳು. ದಾರಿಯಲ್ಲಿ ಕತ್ತಲು, ಮಂಜು ಮತ್ತು ಬಿರುಗಾಳಿ. ರಾತ್ರಿ ಅವಳು ಚಳಿಯಿಂದ ಸತ್ತಳು. ಬೆಳಗಾದಾಗ ನೋಡಿದರೆ ತುದಿಯ ವಸತಿಮನೆ ಕೂಗಳತೆಯ ದೂರದಲ್ಲಿತ್ತು! ಹೊತ್ತು ಮೀರಿ ಹೊರಟದ್ದು, ಹಿಂದಿರುಗಬೇಕಾದಾಗ ಹಿಂದಿರುಗದಿದ್ದದ್ದು, ಇವೆರಡೇ ಸಾಕಾದವು. ಹವಾಮಾನ ಕೆಟ್ಟರೆ ಈಗಲೇ ಹಿಂದಿರುಗಿ ಎಂಬ ಫಲಕಗಳನ್ನು ಅಲ್ಲಿ ಇಂದು ಹಾಕಿದ್ದಾರೆ. ಹಿಂದಿರುಗುವುದು ಸೋಲಲ್ಲ, ಬೆಟ್ಟ ನಾಳೆಯೂ ಅಲ್ಲಿಯೇ ಇರುತ್ತದೆ.

ಆ ವೀಕ್ಷಣಾಲಯ ಇಂದಿಗೂ ಕೆಲಸ ಮಾಡುತ್ತಿದೆ. ತರುಣರು, ತರುಣಿಯರು ವಾರದ ಸರದಿಯಂತೆ ಅಲ್ಲಿದ್ದು, ಹಗಲು ರಾತ್ರಿ ಗಂಟೆಗೊಮ್ಮೆ ಹೊರಗೆ ಹೋಗಿ ಹವೆಯನ್ನು ಗಮನಿಸಿ ಬರೆದಿಡುತ್ತಾರೆ. ಮಾಪಕಗಳ ಗಡ್ಡೆ ಒಡೆಯುವ ಕೆಲಸವೂ ನಿಂತಿಲ್ಲ.

ಈಗ ನನ್ನ ತಪ್ಪಿನ ಮಾತು. ಪಿಯುಸಿಯಲ್ಲಿದ್ದಾಗ ಸರಳ ಲೋಲಕದ ಪ್ರಯೋಗವಿತ್ತು. ಗುರುತ್ವ ವೇಗೋತ್ಕರ್ಷ 9.8 ಬರಬೇಕೆಂದು ಪುಸ್ತಕದಲ್ಲಿ ಓದಿದ್ದೆ. ನನಗೆ ಬಂದದ್ದು ಬೇರೆ. ಮತ್ತೊಮ್ಮೆ ಎಣಿಸುವ ತಾಳ್ಮೆ ಇರಲಿಲ್ಲ. ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ, ಬೇಕಾದ ಅಂಕಿಗಳನ್ನು ರೆಕಾರ್ಡ್ ಪುಸ್ತಕದಲ್ಲಿ ತುಂಬಿಸಿದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ 'ಉತ್ತಮ' ಎಂದು ಬರೆದರು. ಆ ಪದ ನನ್ನನ್ನು ಇಂದಿಗೂ ಚುಚ್ಚುತ್ತದೆ.

ಮುಂದೆ ನಾನೇ ಉಪನ್ಯಾಸಕನಾದೆ. ಒಂದು ದಿನ ಒಬ್ಬ ವಿದ್ಯಾರ್ಥಿನಿ ಅದೇ ಪ್ರಯೋಗ ಮಾಡಿ 9.5 ತಂದಳು. ಗೆಳತಿಯರೆಲ್ಲ 9.8 ಬರೆದುಕೊಂಡು ಮನೆಗೆ ಹೋಗಿದ್ದರು. ಅವಳು ಮಾತ್ರ, "ಸರ್, ಮೂರು ಸಲ ಮಾಡಿದೆ, ಮೂರು ಸಲವೂ ಇಷ್ಟೇ ಬಂತು, ಸುಳ್ಳು ಬರೆಯಲು ಮನಸ್ಸಾಗುತ್ತಿಲ್ಲ" ಎಂದಳು. ಇಬ್ಬರೂ ಕುಳಿತು ನೋಡಿದೆವು. ಅವಳು 30 ಸೆಂಟಿಮೀಟರ್ ದಾರವನ್ನಷ್ಟೇ ಅಳೆದಿದ್ದಳು. ಗುಂಡಿನ ತ್ರಿಜ್ಯ ಒಂದು ಸೆಂಟಿಮೀಟರನ್ನು ಸೇರಿಸಿರಲಿಲ್ಲ. ಸೇರಿಸಿದಾಗ 9.8 ತಾನಾಗಿಯೇ ಬಂತು. ಆ ದಿನ ಲೋಲಕವನ್ನು ನಿಜವಾಗಿ ಕಲಿತವಳು ತರಗತಿಯಲ್ಲಿ ಅವಳೊಬ್ಬಳೇ. ನಾನೂ ಅಂದೇ ಕಲಿತೆ.

ಪ್ರೀತಿಯ ಮಕ್ಕಳೇ, ನಾಳೆ ನಿಮ್ಮಲ್ಲಿ ಕೆಲವರು ವೈದ್ಯರಾಗುತ್ತೀರಿ, ಕೆಲವರು ಇಂಜಿನಿಯರ್, ಲೆಕ್ಕ ಪರಿಶೋಧಕ, ಅಂಗಡಿಯ ಮಾಲೀಕರಾಗುತ್ತೀರಿ. ರೋಗಿಯ ರಕ್ತದೊತ್ತಡ, ಸೇತುವೆಯ ಸಿಮೆಂಟು, ಸಂಸ್ಥೆಯ ಜಮಾಖರ್ಚು, ತಕ್ಕಡಿಯ ತೂಕ, ಎಲ್ಲವೂ ಒಂದು ಅಂಕಿಯೇ. ಆ ಅಂಕಿಯನ್ನು ನಂಬಿ ಯಾರೋ ಒಬ್ಬರು ಬದುಕುತ್ತಿರುತ್ತಾರೆ. ಯಾರೂ ನೋಡದ ನಸುಕಿನಲ್ಲಿ, ಹಾಸಿಗೆ ಬೆಚ್ಚಗಿರುವಾಗ, ಅಂಕಿ ಸರಿಯಿಲ್ಲ ಎನಿಸಿದರೆ ಎದ್ದು ಹೊರಗೆ ಹೋಗಿ ಗಡ್ಡೆ ಒಡೆದು ಬನ್ನಿ. ಇಂದು ರಾತ್ರಿ ಮನೆಗೆ ಹೋದ ಮೇಲೆ ನಿಮ್ಮ ರೆಕಾರ್ಡ್ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ನೀವು ಅಳೆಯದೆ ಬರೆದ ಅಂಕಿ ಒಂದಿದ್ದರೂ ಅದನ್ನು ಹೊಡೆದುಹಾಕಿ, ನಾಳೆ ಮತ್ತೊಮ್ಮೆ ಅಳೆಯಿರಿ.