ಕಲ್ಲಿನ ಮೇಲಿನ ಐದೆಸಳು

ನಮ್ಮ ಮೈಸೂರಿನ ಚಾಮರಾಜಪುರಂನಲ್ಲಿ ಮನೆಗೆ ಪಾಯ ತೋಡುತ್ತಾ ಆಳಕ್ಕೆ ಹೋದರೆ ಸಿಗುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಚಿಪ್ಪಿನ ಜೀವಿಗಳು ಹುಟ್ಟುವ ಎಷ್ಟೋ ಮೊದಲಿನದು. ಹಾಗಾಗಿ ಮುಳ್ಳುಮೈಯ ಕಡಲಜೀವಿ ಸೀ ಅರ್ಚಿನ್‌ನ ಪಳೆಯುಳಿಕೆ ನೋಡಬೇಕೆಂದರೆ ತಮಿಳುನಾಡಿನ ಅರಿಯಲೂರಿನಂಥ ಕಡೆಗೆ ಹೋಗಬೇಕು. ಕ್ರಿಟೇಷಿಯಸ್ ಕಾಲದಲ್ಲಿ ಅಲ್ಲಿ ಕಡಲಿತ್ತು. ಈಗ ಸಿಮೆಂಟಿಗಾಗಿ ಸುಣ್ಣಕಲ್ಲು ಅಗೆಯುತ್ತಾರೆ. ಆ ಸೀಮೆಯ ಸೀ ಅರ್ಚಿನ್‌ಗಳನ್ನು ಭೂವಿಜ್ಞಾನಿ ಫರ್ಡಿನಾಂಡ್ ಸ್ಟೊಲಿಕ್ಜ್ಕಾ 1873ರಲ್ಲಿ ವಿವರಿಸಿದರು. ಮರುವರ್ಷವೇ, 36ನೇ ವಯಸ್ಸಿನಲ್ಲಿ, ಲಡಾಖಿನಲ್ಲಿ ತೀರಿಕೊಂಡರು.

ಸೀ ಅರ್ಚಿನ್ ಪಳೆಯುಳಿಕೆಯ ಗುರುತು ಹಿಡಿಯುವುದು ಹೇಗೆ? ಮುಳ್ಳುಗಳು ಸಾಮಾನ್ಯವಾಗಿ ಉದುರಿಹೋಗಿರುತ್ತವೆ. ನೆತ್ತಿಯಿಂದ ಐದು ಪಟ್ಟಿಗಳು ಇಳಿದಿವೆಯೇ ನೋಡಿ. ಆಮೇಲೆ ಕಲ್ಲನ್ನು ಮಗುಚಿ. ಹೆಸರು ಹೇಳುವ ಆತುರಕ್ಕಿಂತ ಈ ಮಗುಚಿ ನೋಡುವ ತಾಳ್ಮೆಯೇ ದೊಡ್ಡದು ಎಂದು ನಾನು ನಂಬಿದ್ದೇನೆ. ಬಾಯಿ ಅಡಿಯ ನಟ್ಟನಡುವೆ, ಗುದದ್ವಾರ ನೆತ್ತಿಯಲ್ಲಿದ್ದರೆ ಅದು ಕಡಲತಳದ ಮೇಲೆ ಓಡಾಡಿದ ದುಂಡನೆಯ ಬಗೆ. ಗುದದ್ವಾರ ಅಂಚಿಗೆ ಸರಿದು, ಬಾಯಿ ಮುಂದಕ್ಕೆ ಬಂದು, ಮೈ ಹೃದಯದ ಆಕಾರ ತಾಳಿದ್ದರೆ ಕೆಸರಲ್ಲಿ ಹೂತು ಬಾಳಿದ್ದು. ಇಂಗ್ಲೆಂಡಿನ ಸೀಮೆಸುಣ್ಣದ ಬಂಡೆಗಳಲ್ಲಿ ಸಿಗುವ ಮೈಕ್ರಾಸ್ಟರ್ ಇಂಥದ್ದೇ.

ಅರಿಯಲೂರಿನ ಬಳಿ ವಾರಣವಾಸಿಯಲ್ಲಿ ಪಳೆಯುಳಿಕೆಗಳ ಸಂಗ್ರಹಾಲಯವಿದೆ. ಬರುವ ರಜೆಯಲ್ಲಿ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ.