ದಿಟ್ಟತನ ಎಲ್ಲಿಂದ ಬರುತ್ತದೆ?

(ಸ್ಟಾಕ್‌ಹೋಮ್‌ನಲ್ಲಿ ಕನ್ನಡಿಗರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಈ ವಿಷಯವನ್ನು ಸೂಚಿಸಿದವರು ನನ್ನಿಂದ ವ್ಯಕ್ತಿತ್ವ ವಿಕಸನದ ಉಪನ್ಯಾಸವೊಂದನ್ನು ನಿರೀಕ್ಷಿಸಿದ್ದರೇನೋ. ಕನ್ನಡಿಯ ಮುಂದೆ ನಿಂತು ಮಾತಾಡುವ ಅಭ್ಯಾಸ, ಕಣ್ಣಲ್ಲಿ ಕಣ್ಣಿಟ್ಟು ಕೈಕುಲುಕುವ ಕ್ರಮ, ಇವನ್ನೆಲ್ಲ ಕಲಿಸುವ ಪುಸ್ತಕಗಳು ಬಸ್ ನಿಲ್ದಾಣದಲ್ಲೇ ಸಿಗುತ್ತವೆ. ನನ್ನ ಕುತೂಹಲ ಬೇರೆಯದು. ಒಬ್ಬಾತ ತನ್ನ ಮೇಲಧಿಕಾರಿಯ ಮುಖ ನೋಡಿ, ದನಿಯನ್ನೂ ಏರಿಸದೆ, ‘ಇದು ಸರಿಯಲ್ಲ’ ಎನ್ನಬಲ್ಲ. ಅದೇ ಮೇಜಿನ ಸುತ್ತ ಕುಳಿತ, ಅವನಷ್ಟೇ ಓದಿದ, ಬಹುಶಃ ಅವನಿಗಿಂತ ಹೆಚ್ಚು ಕೆಲಸ ಬಲ್ಲ ಇನ್ನೊಬ್ಬ ಬಾಯಿ ತೆರೆಯಲಾರ. ಇಲ್ಲಿನ ಕಚೇರಿಗಳಲ್ಲಿ ಆ ಇನ್ನೊಬ್ಬ ಅನೇಕ ವೇಳೆ ನಮ್ಮವನೇ. ‘ಅದು ಅವರವರ ಸ್ವಭಾವ’ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಸ್ವಭಾವವೆಂಬ ಮಾತನ್ನು ನಾನು ಅಷ್ಟು ಬೇಗ ಒಪ್ಪಲಾರೆ.

ಸ್ವೀಡನ್ನಿನವರು ಹುಟ್ಟುತ್ತಲೇ ದಿಟ್ಟರು ಎಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ಆದರೆ ಅವರ ಭಾಷೆಯಲ್ಲಿ ‘ಟೊಪ್ಪಿಯನ್ನು ಕೈಯಲ್ಲಿ ಹಿಡಿದು ನಿಲ್ಲುವುದು’ ಎಂಬ ನುಡಿಗಟ್ಟೊಂದು ಇಂದಿಗೂ ಬದುಕಿದೆ. ಒಡೆಯನೆದುರು ತಲೆ ಬರಿದು ಮಾಡಿಕೊಂಡು ನಿಂತ ಆಳಿನ ಚಿತ್ರವದು. ಇಲ್ಲಿ ‘ಸ್ಟಾತಾರೆ’ ಎಂದು ಕರೆಸಿಕೊಳ್ಳುತ್ತಿದ್ದ ಕೃಷಿಕಾರ್ಮಿಕರಿದ್ದರು. ವರ್ಷದ ಕರಾರಿನ ಮೇಲೆ ದುಡಿಮೆ. ಕೂಲಿಯ ಬಹುಭಾಗ ಹಾಲು, ಧಾನ್ಯಗಳ ರೂಪದಲ್ಲಿ. ಗಂಡನ ಕರಾರಿನ ಜೊತೆಗೇ ಹೆಂಡತಿ ಒಡೆಯನ ಹಸುಗಳ ಹಾಲು ಕರೆಯಬೇಕು. ಅಕ್ಟೋಬರ್ ಬಂತೆಂದರೆ ಗಾಡಿಗೆ ಮನೆಸಾಮಾನು ಹೇರಿಕೊಂಡು ಇನ್ನೊಬ್ಬ ಒಡೆಯನನ್ನು ಹುಡುಕುವುದು. ಆ ಕುಟುಂಬಗಳಲ್ಲೇ ಹುಟ್ಟಿದ ಇವಾರ್ ಲೂ-ಯೋಹಾನ್ಸನ್ 1930ರ ದಶಕದಲ್ಲಿ ಅವರ ಕತೆಗಳನ್ನು ಬರೆದರು. ಪದ್ಧತಿ ಕೊನೆಗೊಂಡದ್ದು 1945ರಲ್ಲಿ. ಲೆಕ್ಕ ಹಾಕಿ ನೋಡಿ: ಸಭೆಯಲ್ಲಿ ನಿಮ್ಮ ಎದುರು ಕುಳಿತು ನಿರ್ಭಿಡೆಯಿಂದ ಮಾತಾಡುವ ಸಹೋದ್ಯೋಗಿಯ ಅಜ್ಜಿಯೋ ಮುತ್ತಜ್ಜಿಯೋ ಆ ಕೊಟ್ಟಿಗೆಯಲ್ಲಿ ಇದ್ದಿರಬಹುದು.

ಹಾಗಾದರೆ ನಡುವೆ ನಡೆದದ್ದೇನು? ಮೊದಲಿಗೆ, ಜನ ಒಟ್ಟಿಗೆ ಕುಳಿತು ಓದಿದರು. 1902ರಲ್ಲಿ ಲುಂಡ್ ನಗರದಲ್ಲಿ ಪಾನನಿರೋಧ ಚಳವಳಿಯ ಆಸ್ಕರ್ ಊಲ್ಸನ್ ಎಂಬವರು ಅಧ್ಯಯನ ವಲಯವನ್ನು ಆರಂಭಿಸಿದರು. ಗುರುವಿಲ್ಲ, ಪರೀಕ್ಷೆಯಿಲ್ಲ, ಹತ್ತಾರು ಮಂದಿ, ಕೆಲವು ಪುಸ್ತಕ, ಸರದಿಯಲ್ಲಿ ಮಾತು. ಶಾಲೆಯ ಮುಖವನ್ನು ಸರಿಯಾಗಿ ಕಾಣದವರು ಅಲ್ಲಿ ಸಭೆ ನಡೆಸುವುದನ್ನು, ನಡಾವಳಿ ಬರೆಯುವುದನ್ನು, ಭಿನ್ನಮತ ದಾಖಲಿಸುವುದನ್ನು ಕಲಿತರು. ಅನಂತರ ಮತದಾನ, ಕಾರ್ಮಿಕ ಸಂಘ, ಕಾಯಿದೆ. 1974ರ ಉದ್ಯೋಗ ರಕ್ಷಣೆಯ ಕಾಯಿದೆಯಂತೆ ಸಕಾರಣವಿಲ್ಲದೆ ಕೆಲಸದಿಂದ ತೆಗೆಯುವಂತಿಲ್ಲ. 1976ರಲ್ಲಿ ಅಂಗೀಕಾರವಾದ ಸಹನಿರ್ಧಾರದ ಕಾಯಿದೆಯಂತೆ ದೊಡ್ಡ ಬದಲಾವಣೆಗೆ ಮುನ್ನ ಮಾಲೀಕ ಸಂಘದೊಡನೆ ಮಾತುಕತೆಗೆ ಕೂರಲೇಬೇಕು. ನಿಮ್ಮ ಸಹೋದ್ಯೋಗಿ ‘ಇಲ್ಲ’ ಎನ್ನುವಾಗ ಅವನ ಬೆನ್ನಿಗೆ ಇವೆಲ್ಲ ನಿಂತಿರುತ್ತವೆ. ಅವನಿಗೆ ಅದರ ಅರಿವೇ ಇಲ್ಲದಿರಬಹುದು.

ಮಾತಿನ ಮರ್ಯಾದೆಯ ವಿಚಾರವನ್ನೂ ಹೇಳಬೇಕು. ಹಿಂದೆ ಇಲ್ಲಿ ದೊಡ್ಡವರನ್ನು ಅವರ ಹುದ್ದೆಯಿಂದಲೇ ಕರೆಯಬೇಕಿತ್ತು: ‘ನಿರ್ದೇಶಕರು ಕಾಫಿ ತೆಗೆದುಕೊಳ್ಳುತ್ತಾರೆಯೇ?’ ಎಂದು, ನಿರ್ದೇಶಕರು ಎದುರಿಗೇ ಕುಳಿತಿದ್ದರೂ. ಹುದ್ದೆಯಿಲ್ಲದವರಿಗೆ ಬಳಸುತ್ತಿದ್ದ ‘ನಿ’ ನಮ್ಮ ‘ನೀವು’ವಿನಂತೆ ಕಂಡರೂ, ಬಹಳ ಮಂದಿಯ ಕಿವಿಗೆ ತುಚ್ಛವಾಗಿ ಕೇಳಿಸುತ್ತಿತ್ತು. 1967ರಲ್ಲಿ ವೈದ್ಯಕೀಯ ಇಲಾಖೆಯ ಮುಖ್ಯಸ್ಥರಾಗಿ ಬಂದ ಬ್ರೂರ್ ರೆಕ್ಸೆಡ್ ಎಲ್ಲ ನೌಕರರನ್ನೂ ‘ದು’ ಎಂದೇ ಕರೆಯುವುದಾಗಿ ಸಾರಿದರು. ಆಗಲೇ ಬೀಸತೊಡಗಿದ್ದ ಗಾಳಿಗೆ ಅದು ಹೆಸರು ತಂದಿತು. ‘ದು’ ಎಂದರೆ ‘ನೀನು’. ಇಲ್ಲಿ ಏಕವಚನವೇ ಸಮಾನತೆಯ ಗುರುತಾಯಿತು. ನಮ್ಮಲ್ಲಿ ಕತೆ ತಿರುವುಮುರುವು: ಕೇರಿಯ ಎಪ್ಪತ್ತರ ಮುದುಕನನ್ನು ಊರಗೌಡರ ಹತ್ತು ವರ್ಷದ ಮಗ ‘ಬಾರೋ’ ಎಂದು ಕರೆಯುತ್ತಿದ್ದ ನಾಡು ನಮ್ಮದು. ಆದ್ದರಿಂದ ನಮ್ಮಲ್ಲಿ ಸಮಾನತೆ ಬಹುವಚನದ ಮೂಲಕವೇ ಬರಬೇಕಾಯಿತು. ಎರಡೂ ಕಡೆ ಹೋರಾಟದ ಗುರಿ ಒಂದೇ, ವ್ಯಾಕರಣ ಮಾತ್ರ ಬೇರೆ.

ನಮ್ಮ ‘ಟೊಪ್ಪಿ’ ಎಂದರೆ ಹೆಗಲ ಮೇಲಿನ ಟವೆಲು. ಒಡೆಯರ ಮನೆಯ ಮುಂದೆ ಅದು ಕಂಕುಳಿಗೆ ಇಳಿಯುತ್ತಿತ್ತು, ಮೆಟ್ಟು ಕೈಗೆ ಬರುತ್ತಿತ್ತು. ಅದು ಮತ್ತೆ ಹೆಗಲಿಗೇರಿದ ಕತೆಯಲ್ಲಿ ಸಾಗರ ತಾಲೂಕಿನ ಕಾಗೋಡಿಗೆ ದೊಡ್ಡ ಪಾಲಿದೆ. 1951ರ ಏಪ್ರಿಲಿನಲ್ಲಿ ಅಲ್ಲಿನ ದೀವರ ಗೇಣಿದಾರರು ಎದ್ದು ನಿಂತದ್ದು ಕೊಳಗದ ಅಳತೆಗಾಗಿ. ಗೇಣಿ ಅಳೆದುಕೊಳ್ಳುವ ಕೊಳಗ ನ್ಯಾಯವಾದದ್ದಾಗಿರಲಿ ಎಂಬಷ್ಟೇ ಬೇಡಿಕೆ. ಅದಕ್ಕೆ ಮುಂಚೆ ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿದ್ದರು. ಸಮಾಜವಾದಿಗಳು ಜೊತೆಗೂಡಿದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಅವರ ಕೈಗೆ ಭೂಮಿ ಬರುವ ದಾರಿ ತೆರೆಯಲು 1974 ಬರಬೇಕಾಯಿತು, ದೇವರಾಜ ಅರಸರ ಕಾಲದ ತಿದ್ದುಪಡಿ ಬರಬೇಕಾಯಿತು. ಅದೇ ವರ್ಷ ಸ್ವೀಡನ್ನಿನಲ್ಲಿ ಉದ್ಯೋಗ ರಕ್ಷಣೆಯ ಕಾಯಿದೆ ಜಾರಿಗೆ ಬಂದದ್ದು ಆಕಸ್ಮಿಕವೇ ಸರಿ, ಆದರೂ ನನಗೆ ಪ್ರಿಯವಾದ ಆಕಸ್ಮಿಕ. ನ್ಯಾಯಮಂಡಳಿಯ ಮುಂದೆ ಒಡೆಯನ ಪಕ್ಕದಲ್ಲೇ ನಿಂತು ‘ಈ ಗದ್ದೆ ಉಳುವವನು ನಾನು’ ಎಂದು ಹೇಳಿದ ರೈತ ಯಾವ ವ್ಯಕ್ತಿತ್ವ ವಿಕಸನದ ತರಗತಿಗೂ ಹೋಗಿರಲಿಲ್ಲ.

ಇನ್ನೊಂದು ಬಗೆಯ ಆತ್ಮವಿಶ್ವಾಸವೂ ಉಂಟು. ನಮ್ಮಲ್ಲಿ ಕೆಲವರಿಗೆ ಈ ಮಾತು ಹಿತವಾಗಲಿಕ್ಕಿಲ್ಲ. ಮೂರು ತಲೆಮಾರಿನಿಂದ ಮನೆಯಲ್ಲಿ ಪುಸ್ತಕವಿದ್ದವನು, ಇಂಗ್ಲಿಷಿನಲ್ಲೇ ಬೆಳೆದವನು, ಅಡ್ಡಹೆಸರು ಹೇಳಿದೊಡನೆ ಬಾಗಿಲು ತೆರೆದುಕೊಳ್ಳುವುದನ್ನು ಕಂಡವನು ಸಂದರ್ಶನದ ಕೊಠಡಿಯನ್ನು ತನ್ನ ಮನೆಯ ಜಗಲಿಯಂತೆ ಹೊಕ್ಕುತ್ತಾನೆ. ಅದು ಅವನ ಗಳಿಕೆಯಲ್ಲ, ಪಿತ್ರಾರ್ಜಿತ. ಆದರೆ ಅವನು ಅದನ್ನು ಪ್ರತಿಭೆ ಎನ್ನುತ್ತಾನೆ. ಸರ್ಕಾರಿ ಹಾಸ್ಟೆಲಿನಲ್ಲಿ ಓದಿ ಮೀಸಲಾತಿಯಿಂದ ಮೇಲೆ ಬಂದವನ ಮೌನವನ್ನು ಅಯೋಗ್ಯತೆ ಎನ್ನುತ್ತಾನೆ. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದಾಗಲೂ ಇದೇ ‘ಯೋಗ್ಯತೆ’ಯ ವಾದ ಎದ್ದಿತ್ತು. ಸ್ಟಾಕ್‌ಹೋಮಿನ ನಮ್ಮ ಊಟದ ಮೇಜುಗಳಲ್ಲಿ ಅದು ಇನ್ನೂ ಏಳುತ್ತದೆ.

ಈಗ ನಮ್ಮ ಮೌನಕ್ಕೆ ಬರೋಣ. 2008ರ ಕೊನೆಯಲ್ಲಿ ಬಂದ ವಲಸೆ ನಿಯಮದಂತೆ ಹೊಸಬರ ಉದ್ಯೋಗ ಪರವಾನಗಿ ಮೊದಲೆರಡು ವರ್ಷ ಒಬ್ಬನೇ ಮಾಲೀಕನಿಗೆ ಅಂಟಿಕೊಂಡಿತು. ಕೆಲಸ ಹೋದರೆ ಕೆಲವೇ ತಿಂಗಳಲ್ಲಿ ಬೇರೆಯದನ್ನು ಹುಡುಕಬೇಕು, ಇಲ್ಲವಾದರೆ ಶಾಲೆಗೆ ಹೋಗುವ ಮಕ್ಕಳೊಡನೆ ಪೆಟ್ಟಿಗೆ ಕಟ್ಟಬೇಕು. ಇಂಥವನು ಸಭೆಯಲ್ಲಿ ಸುಮ್ಮನಿರುವುದು ಅಂಜುಬುರುಕತನವೇ? ಅವನು ಲೆಕ್ಕ ಬಲ್ಲವನು, ಅಷ್ಟೆ. ಅಕ್ಟೋಬರಿನ ಗಾಡಿಯನ್ನು ಅವನು ಬಲ್ಲ, ಆ ಚರಿತ್ರೆಯನ್ನು ಓದಿರದಿದ್ದರೂ.

ಆದರೆ ಅವನಿಗೂ ಕಾರ್ಮಿಕ ಸಂಘದ ಸದಸ್ಯನಾಗುವ ಹಕ್ಕಿದೆ. ನಮ್ಮಲ್ಲಿ ಎಷ್ಟೋ ಮಂದಿ ಅದರ ತಿಂಗಳ ಚಂದಾವನ್ನು ದಂಡದ ಖರ್ಚು ಎಂದು ಬಗೆಯುತ್ತಾರೆ, ಸಂಘವೆಂದರೆ ಮುಷ್ಕರ ಎಂದು ಹೆದರುತ್ತಾರೆ. ತನ್ನ ಕರಾರಿನಲ್ಲಿ ಏನು ಬರೆದಿದೆ ಎಂಬುದನ್ನು ಪೂರ್ತಿ ಓದಿದವರು ಈ ಕೋಣೆಯಲ್ಲಿ ಎಷ್ಟು ಮಂದಿ? ಕೈ ಎತ್ತುವುದು ಬೇಡ.

ಆಸ್ಕರ್ ಊಲ್ಸನ್ನರ ದಾರಿ ಇನ್ನೂ ಮುಚ್ಚಿಲ್ಲ. ಎಂಟು ಮಂದಿ ಸೇರಿದರೆ ನಾವೂ ಒಂದು ವಲಯ ಮಾಡಬಹುದು, ಚರ್ಚೆ ಕನ್ನಡದಲ್ಲೇ ಆಗಲಿ. ಮೊದಲ ಸಂಜೆಗೆ ಪುಸ್ತಕ ಬೇಡ. ನಿಮ್ಮ ನಿಮ್ಮ ಉದ್ಯೋಗದ ಕರಾರುಪತ್ರವನ್ನು ತನ್ನಿ. ಸ್ವೀಡಿಷ್ ಬಲ್ಲವರು ಓದಲಿ, ಉಳಿದವರು ಪ್ರಶ್ನೆ ಕೇಳಲಿ. ಹೆಸರು ಬರೆದುಕೊಳ್ಳಲು ಬಾಗಿಲ ಬಳಿ ಕಾಗದವಿಟ್ಟಿದ್ದೇನೆ.